ಟಿಎಂಸಿ ಬಲ್ಲವರಿಗೆ ಬಿಒಡಿ ಯಾಕೆ ಗೊತ್ತಿಲ್ಲ?

ಮಳೆಗಾಲ ಹಿಡಿಯಿತೆಂದರೆ ಹಾಸನ ಜಿಲ್ಲೆಯ ಪತ್ರಿಕೆಗಳ ಮೂಲೆಯಲ್ಲಿ ದಿನಾ ಒಂದು ಪುಟ್ಟ ಚೌಕಟ್ಟು ಬರುತ್ತದೆ. ಗೊರೂರಿನ ಹೇಮಾವತಿ ಜಲಾಶಯ: ಗರಿಷ್ಠ ಮಟ್ಟ 2922 ಅಡಿ, ಇವತ್ತಿನ ಮಟ್ಟ ಇಷ್ಟು, ಒಳಹರಿವು ಇಷ್ಟು ಕ್ಯೂಸೆಕ್, ಹೊರಹರಿವು ಇಷ್ಟು, 37.103 ಟಿಎಂಸಿ ಸಾಮರ್ಥ್ಯದಲ್ಲಿ ಈಗಿರುವುದು ಇಷ್ಟು. ಹೊಳೆನರಸೀಪುರದ ಹೋಟೆಲುಗಳಲ್ಲಿ ಇಡ್ಲಿ ಮುರಿಯುತ್ತಲೇ ಜನ ಅದನ್ನು ನೋಡುತ್ತಾರೆ. ನೋಡಿ ಸುಮ್ಮನಾಗುವುದಿಲ್ಲ, ಲೆಕ್ಕ ಹಾಕುತ್ತಾರೆ. ಒಳಹರಿವು ಹನ್ನೆರಡು ಸಾವಿರ ಇದ್ದರೆ ದಿನಕ್ಕೆ ಒಂದು ಟಿಎಂಸಿ ಚಿಲ್ಲರೆ ಬಂದಂತೆ. ಹೀಗೇ ಬಂದರೆ ಇಂಥ ದಿನಕ್ಕೆ ತುಂಬುತ್ತದೆ. ತುಂಬಿದರೆ ಗೇಟು ಎತ್ತುತ್ತಾರೆ. ಎತ್ತಿದರೆ ಹೊಳೆಬದಿಯ ಮೋಟಾರು ಬಿಚ್ಚಿ ಮೇಲಕ್ಕೆ ತರಬೇಕು. ಲೆಕ್ಕ ಸರಿಯಾಗಿಯೇ ಇದೆ. ಸೆಕೆಂಡಿಗೆ ಒಂದು ಘನ ಅಡಿ ಹರಿದರೆ ಒಂದು ಕ್ಯೂಸೆಕ್. 11,574 ಕ್ಯೂಸೆಕ್ ಒಂದು ಇಡೀ ದಿನ ಹರಿದರೆ ನೂರು ಕೋಟಿ ಘನ ಅಡಿ, ಅಂದರೆ ಒಂದು ಟಿಎಂಸಿ. ಈ ಭಾಗಾಕಾರವನ್ನು ಅವರಿಗೆ ಯಾವ ಮೇಷ್ಟರೂ ಹೇಳಿಕೊಟ್ಟಿಲ್ಲ.

ಹಾಗಾಗಿ ತಾಂತ್ರಿಕ ಪದಗಳು ಜನಸಾಮಾನ್ಯರಿಗೆ ಅರ್ಥವಾಗುವುದಿಲ್ಲ ಎಂಬ ಮಾತು ಕೇಳಿದಾಗ ನನಗೆ ನಂಬಿಕೆ ಬರುವುದಿಲ್ಲ. ಆ ಮಾತನ್ನು ಆಡುವವರು ಹೆಚ್ಚಾಗಿ ಎಂಜಿನಿಯರುಗಳು, ಅಧಿಕಾರಿಗಳು, ಒಮ್ಮೊಮ್ಮೆ ನಮ್ಮಂತೆ ಬರೆದು ಬದುಕುವವರು. 2018ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟು ಕಾವೇರಿ ತೀರ್ಪು ಕೊಟ್ಟು ಕರ್ನಾಟಕದ ಪಾಲನ್ನು 270ರಿಂದ 284.75 ಟಿಎಂಸಿಗೆ ಏರಿಸಿದಾಗ, ಆ 14.75ರಲ್ಲಿ ಬೆಂಗಳೂರಿನ ಕುಡಿಯುವ ನೀರಿಗೆ ಎಷ್ಟು, ನಮ್ಮ ಗದ್ದೆಗೆ ಎಷ್ಟು ಎಂದು ಜಗಲಿಗಳ ಮೇಲೆ ನಡೆದ ಚರ್ಚೆ ಯಾವ ವಿಚಾರ ಸಂಕಿರಣಕ್ಕೂ ಕಡಿಮೆಯದಾಗಿರಲಿಲ್ಲ. ಬಾಗೂರು–ನವಿಲೆ ಸುರಂಗದ ಮೂಲಕ ತುಮಕೂರಿನ ಕಡೆಗೆ ಹೋಗುವ ಹೇಮಾವತಿ ನೀರಿನ ಬಗ್ಗೆ ಚನ್ನರಾಯಪಟ್ಟಣದವರ ಎದುರು ಯಾರಾದರೂ ಹಗುರವಾಗಿ ಒಂದು ಅಂಕಿ ಹೇಳಿ ನೋಡಲಿ, ದಶಮಾಂಶ ಸಮೇತ ತಿದ್ದಿಸಿಕೊಂಡು ಬರುತ್ತಾರೆ.

ನೀರಾವರಿಯಷ್ಟೇ ಅಲ್ಲ. ಬೆಳಿಗ್ಗೆ ಆರೂವರೆಗೆ ಯಾವುದಾದರೂ ಹಳ್ಳಿಯ ಡೇರಿಯ ಮುಂದೆ ನಿಂತುಕೊಳ್ಳಿ. ಕ್ಯಾನು ಹಿಡಿದು ನಿಂತ ಹೆಂಗಸರು ಫ್ಯಾಟ್ ಎಷ್ಟು ಬಂತು, ಎಸ್‌ಎನ್‌ಎಫ್ ಎಷ್ಟು ಬಂತು ಎಂದು ಮಾತಾಡುತ್ತಾರೆ. ಕೊಬ್ಬು ಬಿಟ್ಟು ಹಾಲಿನಲ್ಲಿ ಉಳಿಯುವ ಘನಾಂಶವೇ ಎಸ್‌ಎನ್‌ಎಫ್. 8.5 ಇರಬೇಕಾದ್ದು 8.3 ಆದರೆ ಬಟವಾಡೆಯಲ್ಲಿ ಎಷ್ಟು ಕಡಿತವಾಗುತ್ತದೆ ಎಂಬುದು ಅಕ್ಷರ ಕಲಿಯದ ಅಜ್ಜಿಗೂ ಗೊತ್ತು. ಹಸುವಿಗೆ ಹಸಿ ಹುಲ್ಲು ಹೆಚ್ಚಾಯಿತೋ, ಹಿಂಡಿ ಕಡಿಮೆಯಾಯಿತೋ, ಇಲ್ಲ ಡೇರಿ ಸೆಕ್ರೆಟರಿಯ ಯಂತ್ರವೇ ಸರಿಯಿಲ್ಲವೋ ಎಂದು ಕಾರಣ ಹುಡುಕುವುದೂ ಗೊತ್ತು. ಅರಕಲಗೂಡು ತಾಲ್ಲೂಕಿನ ರಾಮನಾಥಪುರದ ಹೊಗೆಸೊಪ್ಪಿನ ಹರಾಜು ಮಾರುಕಟ್ಟೆಗೆ ಬೇಲು ತರುವ ರೈತನದೂ ಇದೇ ಕತೆ. ಬಣ್ಣ, ಮೈ, ಒಲೆಯಲ್ಲಿ ಬೆಂದ ಹದ ನೋಡಿ ಗ್ರೇಡು ಹೇಳುತ್ತಾನೆ. ತಂಬಾಕು ಬೋರ್ಡಿನವರು ಹಾಕಿದ ಗ್ರೇಡು ಒಪ್ಪಿಗೆಯಾಗದಿದ್ದರೆ ಜಗಳಕ್ಕೆ ನಿಲ್ಲುತ್ತಾನೆ.

ಇಷ್ಟೆಲ್ಲ ಬಲ್ಲ ಜನಕ್ಕೆ ಬಿಒಡಿ ಯಾಕೆ ಗೊತ್ತಿಲ್ಲ? ಹೇಮಾವತಿಯಲ್ಲಿ ಇವತ್ತು ಎಷ್ಟು ನೀರಿದೆ ಎಂದು ಹೇಳಬಲ್ಲವರು ಆ ನೀರು ಎಂಥದ್ದು ಎಂದು ಯಾಕೆ ಹೇಳಲಾರರು? ನಾಡಕಚೇರಿಯ ಕಿಟಕಿಯಲ್ಲಿ ‘ಸರ್ವರ್ ಇಲ್ಲ’ ಎಂದಾಗ, ಎಸ್‌ಎನ್‌ಎಫ್ ಬಗ್ಗೆ ಜಗಳ ಮಾಡಬಲ್ಲ ಅದೇ ರೈತ ತಲೆ ತಗ್ಗಿಸಿ ಯಾಕೆ ವಾಪಸ್ಸು ಹೋಗುತ್ತಾನೆ? ಪದದ ಕಷ್ಟ ಇದಕ್ಕೆ ಕಾರಣವಲ್ಲ. ಪದ ಯಾರ ಕೈಯಿಂದ ನಮಗೆ ಬಂತು, ಬರುವಾಗ ಅದರ ಜೊತೆ ಕೇಳುವ ಹಕ್ಕೂ ಬಂತೋ ಇಲ್ಲವೋ, ಅಲ್ಲಿದೆ ಕಾರಣ ಎಂಬುದು ನನ್ನ ವಾದ.

ಮೊದಲು ಬಿಒಡಿಯನ್ನೇ ಹತ್ತಿರದಿಂದ ನೋಡೋಣ. ಹೊಳೆಯ ನೀರಿನಲ್ಲಿ ಆಮ್ಲಜನಕ ಕರಗಿರುತ್ತದೆ. ನಮ್ಮ ಕಡೆಯ ಹವೆಯಲ್ಲಿ, ಶುದ್ಧ ನೀರಿನಲ್ಲಿ, ಲೀಟರಿಗೆ ಹೆಚ್ಚೆಂದರೆ ಎಂಟು ಮಿಲಿಗ್ರಾಂ ಆಸುಪಾಸು. ಮೀನು ಉಸಿರಾಡುವುದು ಅದರಿಂದಲೇ. ಆ ನೀರಿಗೆ ಬಚ್ಚಲು, ಪಾಯಿಖಾನೆ, ಅಕ್ಕಿ ಗಿರಣಿಗಳ ಕೊಳಕು ಸೇರಿದರೆ ಅದನ್ನು ತಿಂದು ಕರಗಿಸುವ ಸೂಕ್ಷ್ಮಜೀವಿಗಳು ಹೆಚ್ಚುತ್ತವೆ. ಅವಕ್ಕೂ ಉಸಿರು ಬೇಕು. ಕೊಳಕನ್ನು ಕರಗಿಸಲು ಅವು ಎಷ್ಟು ಆಮ್ಲಜನಕ ಕೇಳುತ್ತವೆಯೋ ಅದೇ ಬಿಒಡಿ. ಅಳೆಯುವ ರೀತಿಯೂ ಸರಳ. ಮುನ್ನೂರು ಮಿಲಿಲೀಟರ್ ಹಿಡಿಯುವ ಗಾಜಿನ ಬಾಟಲಿಗೆ, ಒಂದು ಗುಳ್ಳೆಯೂ ಉಳಿಯದಂತೆ, ಮಾದರಿ ತುಂಬಿ ಬಿರಡೆ ಹಾಕುತ್ತಾರೆ. ಮೊದಲೇ ಆಮ್ಲಜನಕ ಎಷ್ಟಿದೆ ಎಂದು ಅಳೆದಿರುತ್ತಾರೆ. ಕತ್ತಲಲ್ಲಿ, ಒಂದೇ ಉಷ್ಣತೆಯಲ್ಲಿ ಕೆಲವು ದಿನ ಇಟ್ಟು ಮತ್ತೆ ಅಳೆಯುತ್ತಾರೆ. ಕಡಿಮೆಯಾದದ್ದು ಎಷ್ಟೋ, ಅಷ್ಟನ್ನು ಕೊಳಕು ತಿಂದಿದೆ. ಚರಂಡಿ ನೀರಾದರೆ ಮೊದಲೇ ಒಳ್ಳೆಯ ನೀರು ಬೆರೆಸಿ ತೆಳುಮಾಡಿಕೊಳ್ಳಬೇಕು, ಇಲ್ಲದಿದ್ದರೆ ಬಾಟಲಿಯಲ್ಲಿರುವ ಆಮ್ಲಜನಕ ಎಲ್ಲಿಗೂ ಸಾಲದು. ಊರಿನ ಸಾಮಾನ್ಯ ಚರಂಡಿ ನೀರಿನ ಬಿಒಡಿ ಲೀಟರಿಗೆ ಇನ್ನೂರು ಮಿಲಿಗ್ರಾಂ ಎಂದು ಹಿಡಿದರೆ, ಒಂದು ಲೀಟರ್ ಚರಂಡಿ ನೀರು ಇಪ್ಪತ್ತೈದು ಲೀಟರ್ ಒಳ್ಳೆಯ ಹೊಳೆ ನೀರಿನ ಅಷ್ಟೂ ಆಮ್ಲಜನಕವನ್ನು ಖಾಲಿಮಾಡಬಲ್ಲದು. ಇನ್ನೂರನ್ನು ಎಂಟರಿಂದ ಭಾಗಿಸಿದರೆ ಮುಗಿಯಿತು. ಟಿಎಂಸಿಯ ಭಾಗಾಕಾರಕ್ಕಿಂತ ಇದು ಸುಲಭ.

ಈ ಅಳತೆಯ ಹುಟ್ಟು ಇಂಗ್ಲೆಂಡಿನದು. ಅಲ್ಲಿನ ಚರಂಡಿ ವಿಲೇವಾರಿ ಕುರಿತ ರಾಯಲ್ ಕಮಿಷನ್ 1912ರ ತನ್ನ ಎಂಟನೆಯ ವರದಿಯಲ್ಲಿ ಐದು ದಿನದ ಪರೀಕ್ಷೆಯನ್ನು ನೆಲೆಗೊಳಿಸಿತು. ಆ ದೇಶದ ಹೊಳೆಗಳ ನೀರು ಐದು ದಿನದೊಳಗೆ ಸಮುದ್ರ ಸೇರಿಬಿಡುತ್ತದೆ, ಅದಕ್ಕೇ ಐದು ದಿನ ಎಂದು ಹೇಳುವುದುಂಟು. ಮುಂದೆ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಐದು ದಿನ ಎಂಬುದು ಜಗತ್ತಿಗೆಲ್ಲ ರೂಢಿಯಾಯಿತು. ಹೇಮಾವತಿಯ ನೀರಿಗೆ ಇಂಗ್ಲೆಂಡಿನ ಚಳಿ ಯಾಕೆ ಎಂದು ನಮ್ಮವರು 27 ಡಿಗ್ರಿಯಲ್ಲಿ ಮೂರು ದಿನ ಎಂದು ಮಾಡಿಕೊಂಡರು. ಭಾರತೀಯ ಮಾನಕ ಈಗ ಹೇಳುವುದು ಅದನ್ನೇ. ಅಳತೆ ನಮ್ಮ ಹವೆಗೆ ಹೊಂದಿಕೊಂಡಿತು, ನಮ್ಮ ಮಾತಿಗೆ ಮಾತ್ರ ಬರಲಿಲ್ಲ.

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಲೆಕ್ಕದಲ್ಲಿ ಸ್ನಾನಕ್ಕೆ ಯೋಗ್ಯವಾದ ಹೊಳೆಯ ಬಿಒಡಿ ಲೀಟರಿಗೆ ಮೂರು ಮಿಲಿಗ್ರಾಂ ದಾಟಬಾರದು, ಕರಗಿದ ಆಮ್ಲಜನಕ ಐದಕ್ಕಿಂತ ಕೆಳಗಿಳಿಯಬಾರದು. ಬಿಒಡಿ ಮೂರು ದಾಟಿದ ನದಿ ಪಾತ್ರಗಳನ್ನು ‘ಮಲಿನ’ ಎಂದು ಪಟ್ಟಿ ಮಾಡುತ್ತಾರೆ. 2018ರ ಪಟ್ಟಿಯಲ್ಲಿ ದೇಶದಲ್ಲಿ 351 ಇದ್ದವು, ಕರ್ನಾಟಕದಲ್ಲಿ 17. ಇವು ಗುಟ್ಟಿನ ಸಂಗತಿಗಳಲ್ಲ. ರಾಜ್ಯದ ಮಂಡಳಿ 1974ರಿಂದ ಇದೆ, ಮಾದರಿ ತೆಗೆಯುತ್ತದೆ, ಎ ಇಂದ ಇ ತನಕ ವರ್ಗ ಬರೆದು ಜಾಲತಾಣಕ್ಕೂ ಹಾಕುತ್ತದೆ. ಆದರೆ ಆ ಅಕ್ಷರದ ಮೇಲೆ ಯಾರ ಬಟವಾಡೆಯೂ ನಿಂತಿಲ್ಲ. ಸಿ ಇದ್ದದ್ದು ಡಿ ಆದರೆ ಯಾರ ಸಂಬಳವೂ ಕಡಿತವಾಗುವುದಿಲ್ಲ, ಯಾರ ಮನೆಯ ನೀರಿನ ಕಂದಾಯವೂ ಇಳಿಯುವುದಿಲ್ಲ. ಜಗಳ ಮಾಡಲು ಎದುರಿಗೆ ಸೆಕ್ರೆಟರಿಯೂ ಇಲ್ಲ.

ಜನಕ್ಕೆ ಏನೂ ಗೊತ್ತೇ ಇಲ್ಲ ಎಂದಲ್ಲ. ರಾಮನಾಥಪುರದ ವಹ್ನಿಪುಷ್ಕರಿಣಿಯಲ್ಲಿ ಕಾವೇರಿಯ ಮೀನುಗಳಿಗೆ ಪುರಿ ಎರಚುವವರಿಗೆ, ಬೇಸಿಗೆಯಲ್ಲಿ ಹೊಳೆ ಸೊರಗಿದಾಗ ಮೀನು ಮೇಲಕ್ಕೆ ಬಂದು ಬಾಯಿ ಬಿಡುವುದು ಕಾಣುತ್ತದೆ. ಅದು ಆಮ್ಲಜನಕದ ಕೊರತೆಯ ಲಕ್ಷಣವೇ ಇರಬಹುದು, ಪುರಿಯ ಆಸೆಯೂ ಇರಬಹುದು. ಕಣ್ಣಿಗೆ ಕಂಡದ್ದು ಸಾಕ್ಷಿಯಾಗದೆ ಉಳಿಯುವುದು ಇಲ್ಲೇ. ಅಳತೆಯ ಪದ ಕೈಯಲ್ಲಿಲ್ಲದವನ ಅನುಭವವನ್ನು ‘ನಿಮಗೆ ಹಾಗನ್ನಿಸುತ್ತೆ ಅಷ್ಟೆ’ ಎಂದು ತಳ್ಳಿಹಾಕುವುದು ಸುಲಭ. ಜೊತೆಗೆ ಪ್ರಮಾಣಕ್ಕೂ ಗುಣಕ್ಕೂ ನಂಟಿದೆ. ಹೊರಹರಿವು ಇಳಿದಷ್ಟೂ ಚರಂಡಿಯನ್ನು ತೆಳುಮಾಡುವ ನೀರು ಕಡಿಮೆಯಾಗುತ್ತದೆ. ಆದ್ದರಿಂದ ಕ್ಯೂಸೆಕ್ಕಿನ ಪಕ್ಕದಲ್ಲೇ ಕರಗಿದ ಆಮ್ಲಜನಕದ ಅಂಕಿಯನ್ನೂ ಅಚ್ಚು ಹಾಕಬೇಕು. ಬಿಒಡಿಗೆ ಮೂರು ದಿನ ಕಾಯಬೇಕು ನಿಜ, ಆಮ್ಲಜನಕವನ್ನು ಮೀಟರು ನಿಮಿಷಗಳಲ್ಲಿ ಹೇಳುತ್ತದೆ. ಹಾಸನದ ಸಾಲಗಾಮೆ ರಸ್ತೆಯಲ್ಲಿ ಇಸ್ರೋದ ನಿಯಂತ್ರಣ ಕೇಂದ್ರವಿದೆ. ಮೂವತ್ತಾರು ಸಾವಿರ ಕಿಲೋಮೀಟರ್ ಎತ್ತರದಲ್ಲಿರುವ ಉಪಗ್ರಹಗಳ ಮೈಬಿಸಿಯನ್ನು ಹಗಲೂ ರಾತ್ರಿ ಅಲ್ಲಿಂದ ನೋಡುತ್ತಾರೆ. ಅಳೆಯುವುದು ನಮ್ಮ ಜಿಲ್ಲೆಗೆ ಹೊಸ ವಿದ್ಯೆಯೇನಲ್ಲ.

ಗುಣಮಟ್ಟದ ಒಂದು ಪದ ಮಾತ್ರ ಮನೆಮನೆಗೂ ತಲುಪಿದೆ, ಅದು ಟಿಡಿಎಸ್. ಇದು ತಲುಪಿದ ಬಗೆಯನ್ನು ಗಮನಿಸಬೇಕು. ಇದನ್ನು ತಂದವರು ಫಿಲ್ಟರ್ ಮಾರುವವರು. ಪೆನ್ನಿನಂಥ ಮೀಟರನ್ನು ಲೋಟದಲ್ಲಿ ಅದ್ದಿ, ‘ನೋಡಿ ಮೇಡಂ, ನಾನೂರ ಎಂಬತ್ತು!’ ಎನ್ನುತ್ತಾರೆ. ಆಮೇಲೆ ಎರಡು ಲೋಟ ಇಟ್ಟು, ಕರೆಂಟಿಗೆ ಸಿಕ್ಕಿಸಿದ ಲೋಹದ ಕಡ್ಡಿಗಳನ್ನು ಇಳಿಬಿಡುತ್ತಾರೆ. ಬೋರ್‌ವೆಲ್ ನೀರು ಕಂದುಬಣ್ಣಕ್ಕೆ ತಿರುಗಿ ಗಸಿಗಟ್ಟುತ್ತದೆ, ಆರ್‌ಒ ನೀರು ತಿಳಿಯಾಗಿ ಉಳಿಯುತ್ತದೆ. ಮನೆಯವರ ಮುಖ ಬಿಳಿಚಿಕೊಳ್ಳುತ್ತದೆ. ನಿಜಕ್ಕೂ ಆ ಗಸಿ ನೀರಿನದಲ್ಲ, ಕಬ್ಬಿಣದ ಕಡ್ಡಿಯೇ ಕರಗಿ ಬಂದದ್ದು. ಲವಣವಿರುವ ನೀರಿನಲ್ಲಿ ವಿದ್ಯುತ್ ಹರಿಯುತ್ತದೆ, ಕಡ್ಡಿ ಸವೆಯುತ್ತದೆ. ಲವಣ ತೆಗೆದ ನೀರಿನಲ್ಲಿ ಹರಿಯುವುದಿಲ್ಲ, ಸವೆಯುವುದಿಲ್ಲ.

ಟಿಡಿಎಸ್ ಎಂದರೆ ನೀರಿನಲ್ಲಿ ಕರಗಿದ ಒಟ್ಟು ಘನವಸ್ತು. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ 500ರ ತನಕ ಒಳ್ಳೆಯದು, ಬೇರೆ ಮೂಲವೇ ಇಲ್ಲದ ಕಡೆ 2000ದ ತನಕ ನಡೆಯುತ್ತದೆ. ಹೀಗಾಗಿ ನಾನೂರ ಎಂಬತ್ತು ಗಾಬರಿಯ ಅಂಕಿಯೇ ಅಲ್ಲ. ಅದರಲ್ಲಿ ಕ್ಯಾಲ್ಸಿಯಂ ಎಷ್ಟು, ಉಪ್ಪೆಷ್ಟು, ನೈಟ್ರೇಟ್ ಎಷ್ಟು ಎಂಬುದನ್ನು ಆ ಪೆನ್ನು ಹೇಳುವುದಿಲ್ಲ. ಅದು ನೋಡುವುದು ವಿದ್ಯುತ್ ಎಷ್ಟು ಸರಾಗವಾಗಿ ಹರಿಯುತ್ತದೆ ಎಂಬುದನ್ನು ಮಾತ್ರ. ಜಿಲ್ಲೆಯ ಪೂರ್ವಕ್ಕೆ, ಚನ್ನರಾಯಪಟ್ಟಣ, ಅರಸೀಕೆರೆಗಳ ಕಡೆ ಗಟ್ಟಿ ಬಂಡೆಯ ನೆಲ. ಬೋರು ಆಳಕ್ಕೆ ಹೋದಂತೆ ಫ್ಲೋರೈಡಿನ ಭಯ. ಫ್ಲೋರೈಡ್ ಲೀಟರಿಗೆ ಒಂದೂವರೆ ಮಿಲಿಗ್ರಾಂ ದಾಟಿದರೆ ಹಲ್ಲು ಕಂದುಗಟ್ಟುತ್ತದೆ, ಇನ್ನೂ ಹೆಚ್ಚಾಗಿ ವರ್ಷಗಟ್ಟಲೆ ಕುಡಿದರೆ ಮೂಳೆ ಬಾಗುತ್ತದೆ. ಟಿಡಿಎಸ್ ಮುನ್ನೂರು ಇರುವ, ಕುಡಿಯಲು ಸಿಹಿಯಾದ ನೀರಿನಲ್ಲೇ ಮೂರು ಮಿಲಿಗ್ರಾಂ ಫ್ಲೋರೈಡ್ ಅಡಗಿರಬಹುದು. ಮಲದ ರೋಗಾಣುಗಳಂತೂ ಆ ಮೀಟರಿನ ಕಣ್ಣಿಗೆ ಬೀಳುವುದೇ ಇಲ್ಲ. ಹಳ್ಳಿಗಳ ಶುದ್ಧ ಕುಡಿಯುವ ನೀರಿನ ಘಟಕದ ಮುಂದೆ ಕಾಯಿನ್ ಹಾಕಿ ಕ್ಯಾನು ತುಂಬಿಸಿಕೊಳ್ಳುವವರು ‘ನಮ್ಮೂರಿಂದು ಟಿಡಿಎಸ್ ಐವತ್ತು’ ಎಂದು ಹೆಮ್ಮೆ ಪಡುತ್ತಾರೆ. ನೀರು ಸೋಸುವ ಪೊರೆ ಬದಲಾಯಿಸಿ ಎಷ್ಟು ದಿನವಾಯಿತು, ಟ್ಯಾಂಕು ತೊಳೆದದ್ದು ಯಾವಾಗ ಎಂದು ಕೇಳುವುದಿಲ್ಲ. ಮಾರುವವನಿಗೆ ಅನುಕೂಲವಾದ ಪದವನ್ನು ಅವನು ಕಲಿಸಿದ, ಅವನಿಗೆ ಬೇಡವಾದ ಪದಗಳು ನಮ್ಮತನಕ ಬರಲಿಲ್ಲ. ಏನೂ ಗೊತ್ತಿಲ್ಲದವನು ಕೊನೆಗೆ ಕೇಳಿಯಾದರೂ ಕೇಳುತ್ತಾನೆ. ಟಿಡಿಎಸ್ ಗೊತ್ತಿದೆ ಎಂದುಕೊಂಡವನು ಕೇಳುವುದನ್ನೇ ಬಿಡುತ್ತಾನೆ.

‘ಸರ್ವರ್’ ಎಂಬ ಪದ ಬಂದದ್ದೂ ಹೀಗೆಯೇ, ಕಿಟಕಿಯ ಆ ಕಡೆಯಿಂದ. ಪಹಣಿ, ಜಾತಿ–ಆದಾಯ ಪತ್ರ, ಪಡಿತರ, ಪಿಂಚಣಿ, ಯಾವುದಕ್ಕೆ ಹೋದರೂ ಒಂದಲ್ಲ ಒಂದು ದಿನ ಕೇಳಿಸುವ ಮಾತು:

‘ಸರ್ವರ್ ಇಲ್ಲ ಯಜಮಾನ್ರೇ, ನಾಳೆ ಬನ್ನಿ.’

‘ನಿನ್ನೇನೂ ಇದ್ನೇ ಹೇಳಿದ್ರಲ್ಲ ಸಾರ್?’

‘ನಾವೇನ್ ಮಾಡಣ? ಮೇಲ್ಗಡೆಯಿಂದಲೇ ಇಲ್ಲ.’

ಈ ಮೂರು ಸಾಲಿನಲ್ಲಿ ಒಂದು ಇಡೀ ಶಾಸ್ತ್ರ ಕೊಚ್ಚಿಹೋಗುತ್ತದೆ. ‘ಸಾಫ್ಟ್‌ವೇರ್ ಎಂಜಿನಿಯರಿಂಗ್’ ಎಂಬ ಹೆಸರು ಚಲಾವಣೆಗೆ ಬಂದದ್ದು 1968ರಲ್ಲಿ ಜರ್ಮನಿಯ ಗಾರ್ಮಿಶ್‌ನಲ್ಲಿ ನಡೆದ ಸಮ್ಮೇಳನದಿಂದ. ದೊಡ್ಡ ದೊಡ್ಡ ಪ್ರೋಗ್ರಾಂಗಳು ಹೇಳಿದ ಹೊತ್ತಿಗೆ ಮುಗಿಯುತ್ತಿಲ್ಲ, ಮುಗಿದರೂ ನೆಟ್ಟಗೆ ನಡೆಯುತ್ತಿಲ್ಲ ಎಂಬ ಚಿಂತೆಗೆ ಸೇರಿದ ಸಭೆ ಅದು. ಆ ವಿದ್ಯೆ ಮುಂದೆ ಕಟ್ಟಿಕೊಂಡ ಮೊದಲ ಪಾಠಗಳಲ್ಲೊಂದು, ಕೆಟ್ಟದ್ದನ್ನೆಲ್ಲ ಒಂದೇ ಹೆಸರಿನಲ್ಲಿ ಕರೆಯಬಾರದು ಎಂಬುದು. ಮನುಷ್ಯ ಮಾಡಿದ ತಪ್ಪು ಎರರ್. ಆ ತಪ್ಪಿನಿಂದ ಪ್ರೋಗ್ರಾಮಿನೊಳಗೆ ಉಳಿದುಕೊಂಡ ದೋಷ ಫಾಲ್ಟ್. ಆ ದೋಷ ಒಂದು ದಿನ ಕೆರಳಿ ಕೆಲಸ ನಿಲ್ಲುವುದು ಫೇಲ್ಯೂರ್. ಮೂರಕ್ಕೂ ಹೊಣೆಗಾರರು ಬೇರೆ, ಮದ್ದು ಬೇರೆ. ಇದಲ್ಲದೆ ತಂತಿ ಕಡಿದಿರಬಹುದು, ಕರೆಂಟು ಹೋಗಿರಬಹುದು, ದುರಸ್ತಿಗೆಂದು ಬೇಕೆಂದೇ ನಿಲ್ಲಿಸಿರಬಹುದು, ಬೆರಳಚ್ಚು ಹೊಂದಿರದೇ ಇರಬಹುದು. ಆಪರೇಟರು ಊಟಕ್ಕೆ ಹೋಗಿರುವುದೂ ಉಂಟು. ಎಲ್ಲಕ್ಕೂ ‘ಸರ್ವರ್’ ಎಂಬ ಒಂದೇ ಹೆಸರಿಟ್ಟ ಮೇಲೆ ಯಾರ ಮೇಲೆ ದೂರು ಕೊಡುವುದು?

ಪಹಣಿಯ ಉದಾಹರಣೆ ಇನ್ನೂ ತಿಳಿಯಾಗಿದೆ. 2000ರ ಆಸುಪಾಸಿನಲ್ಲಿ ಶುರುವಾದ ಭೂಮಿ ಯೋಜನೆ ರಾಜ್ಯದ 67 ಲಕ್ಷ ಹಿಡುವಳಿದಾರರ ಸುಮಾರು ಎರಡು ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು. ಕೈಬರಹದ ಪಹಣಿಗೆ ಬೆಲೆ ಹೋಯಿತು, ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ ಹದಿನೈದು ರೂಪಾಯಿಗೆ ಅಚ್ಚಿನ ಪಹಣಿ ಸಿಕ್ಕಿತು. ಲಂಚ ಕೊಟ್ಟು ಶ್ಯಾನುಭೋಗರ ಮನೆ ಬಾಗಿಲು ಕಾದವರಿಗೆ ಅದೆಷ್ಟು ದೊಡ್ಡ ಬಿಡುಗಡೆ ಎಂಬುದನ್ನು ಈಗಿನ ಹುಡುಗರಿಗೆ ತಿಳಿಸಿ ಹೇಳುವುದು ಕಷ್ಟ. ಆದರೆ ಹಳೆಯ ಪುಸ್ತಕದಲ್ಲಿದ್ದ ಎಡವಟ್ಟುಗಳೂ ಜೊತೆಗೇ ಏರಿದವು. ಪಹಣಿಯ 3ನೇ ಕಾಲಂನಲ್ಲಿ ಸರ್ವೆ ನಂಬರಿನ ವಿಸ್ತೀರ್ಣ, 9ನೇ ಕಾಲಂನಲ್ಲಿ ಯಾರ್‍ಯಾರ ಹೆಸರಿಗೆ ಎಷ್ಟೆಷ್ಟು ಎಂಬ ಲೆಕ್ಕ. ಖರಾಬು ಕಳೆದು ಉಳಿದದ್ದಕ್ಕೂ 9ರ ಮೊತ್ತಕ್ಕೂ ತಾಳೆಯಾಗಬೇಕು. ಅಣ್ಣತಮ್ಮಂದಿರು ಬಾಯಿಮಾತಿನಲ್ಲಿ ಭಾಗ ಮಾಡಿಕೊಂಡು, ಸರ್ವೆಯವರು ಅಳೆದು ಬೇರ್ಪಡಿಸುವ ಪೋಡಿಯಾಗದೆ, ಕೈಬರಹದಲ್ಲಿ ಗುಂಟೆಗಳು ಅತ್ತಿತ್ತ ಆಗಿ ದಶಕಗಳೇ ಕಳೆದಿದ್ದವು. ಕಾಗದ ಅದನ್ನು ಸಹಿಸಿಕೊಂಡಿತ್ತು. ಕಂಪ್ಯೂಟರ್ ತಾಳೆಯಾಗದು ಎಂದು ತಡೆಯಿತು. ಮಗಳ ಮದುವೆಗೆ ಜಮೀನು ಮಾರಲು ಹೊರಟವನಿಗೆ ಆವತ್ತು ಕೇಳಿಸಿದ್ದು ‘ಕಂಪ್ಯೂಟರ್‌ನಲ್ಲಿ ತಪ್ಪಿದೆ’ ಎಂಬ ಮಾತು.

ಕಂಪ್ಯೂಟರಿನ ತಪ್ಪು ಅದಲ್ಲ. ತಪ್ಪು ಹುಟ್ಟಿದ್ದು ಕಾಗದದಲ್ಲಿ; ಸಾಫ್ಟ್‌ವೇರ್ ಅದನ್ನು ಹಿಡಿದು ತೋರಿಸಿತು. ಅದೇ, ಏರಿಸುವಾಗ ಒಂದು ಸೊನ್ನೆ ಬಿಟ್ಟುಹೋಗಿದ್ದರೆ ಅದು ಬೇರೆಯವರ ತಪ್ಪು, ತಿದ್ದುವ ದಾರಿಯೂ ಬೇರೆ. ಪ್ರೋಗ್ರಾಂ ಗುಂಟೆಯನ್ನು ಆಣೆಗೆ ಇಳಿಸುವಾಗ ಲೆಕ್ಕ ತಪ್ಪಿದ್ದರೆ ಮೂರನೆಯದು. ಮೊದಲನೆಯದಕ್ಕೆ ಸರ್ವೆಯವರು ಬರಬೇಕು, ಎರಡನೆಯದಕ್ಕೆ ತಹಶೀಲ್ದಾರರ ತಿದ್ದುಪಡಿ ಆದೇಶ ಸಾಕು, ಮೂರನೆಯದು ಬೆಂಗಳೂರಿನಲ್ಲೇ ಸರಿಯಾಗಬೇಕು. ಈ ವಿಂಗಡಣೆ ತಿಳಿಯದ ರೈತ ಸರ್ವೆಯವರಲ್ಲಿಗೆ ಹೋಗಬೇಕಾದ ಅರ್ಜಿ ಹಿಡಿದು ವರ್ಷಗಟ್ಟಲೆ ತಪ್ಪು ಕಿಟಕಿಯ ಮುಂದೆ ನಿಲ್ಲುತ್ತಾನೆ. ದಲ್ಲಾಳಿಗೆ ಈ ವಿಂಗಡಣೆ ಚೆನ್ನಾಗಿ ಗೊತ್ತು. ಅವನ ಬಂಡವಾಳವೇ ಅದು.

ಇಲ್ಲಿ ಒಂದು ಹಳೆಯ ಜಗಳ ತಲೆ ಎತ್ತುತ್ತದೆ: ಇದಕ್ಕೆಲ್ಲ ಒಳ್ಳೆಯ ಕನ್ನಡ ಪದ ಮಾಡಿದರೆ ತಾನೇ ತಿಳಿಯುತ್ತದೆ ಎಂಬುದು. ಪದಕೋಶ ಮಾಡಿದವರ ಶ್ರಮದ ಬಗ್ಗೆ ನನಗೆ ಗೌರವವಿದೆ. ಆದರೆ ಕ್ಯೂಸೆಕ್, ಎಸ್‌ಎನ್‌ಎಫ್ ಯಾವುವೂ ಕನ್ನಡದವಲ್ಲ, ಯಾರಿಗೂ ತೊಡಕಾಗಲಿಲ್ಲ. ಬಿಒಡಿಯನ್ನು ಎಷ್ಟೇ ಚೆಂದದ ಸಂಸ್ಕೃತಕ್ಕೆ ತಿರುಗಿಸಿದರೂ ಅಂಕಿ ಹೊರಬರದಿದ್ದರೆ ಅದು ಪರೀಕ್ಷೆಯ ಎರಡು ಅಂಕದ ಪ್ರಶ್ನೆಯಾಗಿಯೇ ಉಳಿಯುತ್ತದೆ. ಸುಪ್ರೀಂ ಕೋರ್ಟಿನ 1991ರ ಆದೇಶದ ಬಲದಿಂದ ಪರಿಸರ ಅಧ್ಯಯನ ಪಠ್ಯಗಳಿಗೆ ಬಂತು. ಕಂಪ್ಯೂಟರ್ ವಿಭಾಗದ ಹುಡುಗನೂ ಬಿಒಡಿಯ ವ್ಯಾಖ್ಯೆ ಬಾಯಿಪಾಠ ಮಾಡುತ್ತಾನೆ. ಬಾಟಲಿಗೆ ಬಿರಡೆ ಹಾಕಿದ್ದವನು ಎಷ್ಟು ಮಂದಿಯಲ್ಲಿ ಒಬ್ಬ?

ನನ್ನ ವಾದಕ್ಕೆ ಒಂದು ಗಟ್ಟಿ ಆಕ್ಷೇಪವಿದೆ, ಅದು ನಮ್ಮ ಕೆರೆಗಳಿಂದಲೇ ಬರುತ್ತದೆ. ಏರಿ, ತೂಬು, ಕೋಡಿ, ಅಚ್ಚುಕಟ್ಟು ಇವೆಲ್ಲ ಪಕ್ಕಾ ಎಂಜಿನಿಯರಿಂಗ್ ಪದಗಳೇ. ಒಂದೊಂದಕ್ಕೂ ಒಂದೊಂದು ಕರ್ತವ್ಯ ಅಂಟಿಕೊಂಡಿತ್ತು. ಬಿ. ಎಲ್. ರೈಸರು 1902ರಲ್ಲಿ ಹೊರತಂದ ಹಾಸನ ಜಿಲ್ಲೆಯ ಶಾಸನ ಸಂಪುಟವನ್ನು ತೆರೆದರೆ ಕೆರೆ ಕಟ್ಟಿಸಿದ್ದು, ಕೆರೆಗೆ ಭೂಮಿ ಬಿಟ್ಟದ್ದು ಮತ್ತೆ ಮತ್ತೆ ಎದುರಾಗುತ್ತದೆ. ಕೆರೆ ದುರಸ್ತಿಗೆ ಬಿಟ್ಟ ಮಾನ್ಯಕ್ಕೆ ಕಟ್ಟುಕೊಡಗೆ ಎಂದು, ಅಚ್ಚುಕಟ್ಟಿನ ಬೆಳೆಯಿಂದ ಕೆರೆಗೆ ಸಲ್ಲುವ ಪಾಲಿಗೆ ಬಿತ್ತುವಟ್ಟ ಎಂದು ಹೆಸರಿದ್ದವು. ಈ ಮಾತುಗಳೆಲ್ಲ ನೀರುಗಂಟಿಯ ಬಾಯಲ್ಲಿದ್ದವು. ತೂಬು ಎಷ್ಟು ಎತ್ತಬೇಕು, ಯಾವ ಗದ್ದೆಗೆ ಯಾವ ಜಾವ ಎಂಬುದನ್ನು ಅವನಿಗಿಂತ ಬಲ್ಲವರಿರಲಿಲ್ಲ. ಆದರೆ ಹಳೆ ಮೈಸೂರಿನಲ್ಲಿ ನೀರುಗಂಟಿ ಬಹುಪಾಲು ದಲಿತ. ಆಯದ ಕಾಳು ಪಡೆದು ದುಡಿಯುವವನು. ನೀರಿನ ಲೆಕ್ಕವೆಲ್ಲ ಅವನದು, ತೀರ್ಮಾನ ಗೌಡರದು. ಪದ ಬಲ್ಲವನಿಗೆ ಅಧಿಕಾರ ತಾನಾಗಿ ಬರುತ್ತದೆ ಎಂದು ಹೇಳಹೊರಟರೆ ಈ ಒಬ್ಬ ಮನುಷ್ಯ ಸಾಕು ಅದನ್ನು ಅಲ್ಲಗಳೆಯಲು.

ಒಪ್ಪಬೇಕಾದ ಮಾತು. ಅದಕ್ಕೇ ಪದದ ಜೊತೆ ಹಕ್ಕು ಎಂದದ್ದು. ಸಕಾಲವನ್ನು ನೋಡಿ. 2011ರ ಕಾಯ್ದೆ, 2012ರ ಏಪ್ರಿಲ್ 2ರಿಂದ ರಾಜ್ಯಕ್ಕೆಲ್ಲ ಜಾರಿ. ಅರ್ಜಿ ಕೊಟ್ಟರೆ ಹದಿನೈದು ಅಂಕಿಯ ಜಿಎಸ್‌ಸಿ ಸಂಖ್ಯೆ. ಹೇಳಿದ ದಿನದೊಳಗೆ ಕೆಲಸವಾಗದಿದ್ದರೆ ದಿನಕ್ಕೆ ಇಪ್ಪತ್ತು ರೂಪಾಯಿಯಂತೆ ಐನೂರರ ತನಕ ಪರಿಹಾರ, ಅದೂ ಸಂಬಂಧಪಟ್ಟ ನೌಕರನ ಕಿಸೆಯಿಂದ. ‘ಸಕಾಲ ನಂಬರ್ ಕೊಡಿ’ ಎಂದು ಕೇಳುವುದನ್ನು ಜನ ಎಷ್ಟು ಬೇಗ ಕಲಿತರು! ಆದರೆ ಪದದ ಒಳಗೇ ಒಂದು ಕಿಂಡಿ ಉಳಿಯಿತು. ಕಾರಣ ಬರೆದು ಅರ್ಜಿ ತಿರಸ್ಕರಿಸಿದರೂ ಅದು ‘ವಿಲೇವಾರಿ’ಯೇ. ಅವಧಿ ಮುಗಿಯುವ ಹಿಂದಿನ ದಿನ ತಿರಸ್ಕರಿಸಿದರೆ ಗಡಿಯಾರ ನಿಲ್ಲುತ್ತದೆ, ಪಟ್ಟಿಯಲ್ಲಿ ಹಸಿರು ಬಣ್ಣ. ಸಾಫ್ಟ್‌ವೇರ್ ಮಾಡಿದವರು ವ್ಯಾಖ್ಯೆಯಲ್ಲಿದ್ದದ್ದನ್ನು ಚಾಚೂ ತಪ್ಪದೆ ಮಾಡಿದ್ದಾರೆ. ಹೇಳಿದ ಹಾಗೆ ಮಾಡಿದೆವೋ ಎಂದು ನೋಡುವುದು ವೆರಿಫಿಕೇಶನ್. ಬೇಕಾದದ್ದನ್ನೇ ಮಾಡಿದೆವೋ ಎಂದು ನೋಡುವುದು ವ್ಯಾಲಿಡೇಶನ್. ಮೊದಲನೆಯದರಲ್ಲಿ ನೂರಕ್ಕೆ ನೂರು ಪಡೆದು ಎರಡನೆಯದರಲ್ಲಿ ಫೇಲಾಗುವುದು ಸಾಧ್ಯ ಎಂಬುದನ್ನು ಸಾಫ್ಟ್‌ವೇರಿನ ಮೊದಲ ವರ್ಷದ ಪಾಠವೇ ಹೇಳುತ್ತದೆ.

2019ರ ಆಗಸ್ಟ್ 15ರಂದು ಘೋಷಣೆಯಾದ ಜಲಜೀವನ್ ಮಿಷನ್ನಿನಲ್ಲೂ, ನಮ್ಮಲ್ಲಿ ‘ಮನೆ ಮನೆಗೆ ಗಂಗೆ’ ಎನ್ನುವುದರಲ್ಲೂ, ಇದೇ ಪ್ರಶ್ನೆ. ನಲ್ಲಿ ಹಾಕಿಸಿದರೆ ಸಾಲದು. ಒಬ್ಬರಿಗೆ ದಿನಕ್ಕೆ 55 ಲೀಟರ್, ಮಾನಕಕ್ಕೆ ಒಪ್ಪುವ ಗುಣಮಟ್ಟ, ತಪ್ಪದೆ ಬರುವುದು, ಇಷ್ಟೂ ಸೇರಿದರೆ ‘ಕಾರ್ಯನಿರತ’ ಸಂಪರ್ಕ. ಬಹಳ ಒಳ್ಳೆಯ ವ್ಯಾಖ್ಯೆ. ನಲ್ಲಿ ಎಷ್ಟು ಎಂದು ಎಣಿಸುವುದು ಸುಲಭವಾದ್ದರಿಂದ ಫಲಕದ ಮೇಲೆ ಬರೆಯುವುದು ಅದನ್ನು. ಆದರೆ ಅದೇ ಯೋಜನೆಯಲ್ಲಿ ನನಗೆ ಬಹಳ ಹಿಡಿಸಿದ ಒಂದು ಸಂಗತಿಯಿದೆ: ಪ್ರತಿ ಹಳ್ಳಿಯಲ್ಲಿ ಐವರು ಹೆಂಗಸರಿಗಾದರೂ ಪರೀಕ್ಷಾ ಕಿಟ್ ಕೊಟ್ಟು ತರಬೇತಿ ಮಾಡಬೇಕು ಎಂಬುದು. ಕಿಟ್ಟಿನಲ್ಲಿ ಫ್ಲೋರೈಡಿಗೆ, ನೈಟ್ರೇಟಿಗೆ ಬಣ್ಣದ ಪಟ್ಟಿಗಳಿವೆ, ಮಲದ ಸೋಂಕಿಗೆ ಒಂದು ಪುಟ್ಟ ಬಾಟಲಿಯೂ ಇದೆ. ನೀರು ಹಾಕಿ ಒಂದೆರಡು ದಿನ ಬೆಚ್ಚಗೆ ಇಡಬೇಕು; ಕಪ್ಪಾದರೆ ಕುಡಿಯಬಾರದು. ಮಾರುವವರ ಹಂಗಿಲ್ಲದೆ, ಕಿಟಕಿಯ ಹಂಗಿಲ್ಲದೆ, ಗುಣಮಟ್ಟದ ಪದವೊಂದು ಊರ ಹೆಂಗಸರ ಕೈಗೆ ನೇರವಾಗಿ ಬರುವ ದಾರಿ ಇದು. ಬಾಟಲಿ ಕಪ್ಪಾಯಿತು ಎಂದು ಅವರು ಬರೆದುಕೊಟ್ಟ ಮೇಲೆ ಇಷ್ಟು ದಿನದೊಳಗೆ ಪಂಚಾಯಿತಿ ಬೇರೆ ನೀರು ಕೊಡಬೇಕು ಎಂಬುದನ್ನು ಸಕಾಲದ ಪಟ್ಟಿಗೆ ಸೇರಿಸಬೇಕು. ಇಲ್ಲದಿದ್ದರೆ ಅವರೂ ಹೊಸ ಕಾಲದ ನೀರುಗಂಟಿಗಳೇ ಆಗುತ್ತಾರೆ.

ಸಾಫ್ಟ್‌ವೇರಿನ ಬದಿಯಲ್ಲಿ ಆಗಬೇಕಾದ್ದು ಇನ್ನೂ ಅಗ್ಗ. ಕಿಟಕಿಯಲ್ಲಿ ಕೆಲಸವಾಗದೆ ಹಿಂದಿರುಗುವವನಿಗೆ ಒಂದು ಚೀಟಿ ಕೊಡಬೇಕು: ಇಂಥ ಹೊತ್ತಿನಲ್ಲಿ ಬಂದಿದ್ದರು, ಇಂಥ ಕಾರಣಕ್ಕೆ ಆಗಲಿಲ್ಲ. ಅದು ನೆಟ್‌ವರ್ಕೋ, ದಾಖಲೆಯ ತಪ್ಪೋ, ಪ್ರೋಗ್ರಾಮಿನ ದೋಷವೋ, ದುರಸ್ತಿಯೋ ಎಂಬುದು ಅದರಲ್ಲಿರಬೇಕು. ಸಾಲು ಉದ್ದ, ಯಾರು ಬರೆಯುತ್ತಾ ಕೂರುತ್ತಾರೆ ಎಂದು ಕೇಳುತ್ತಾರೆ. ಯಾರೂ ಬರೆಯಬೇಕಾಗಿಲ್ಲ. ಕೆಲಸ ಎಲ್ಲಿ, ಯಾವ ಸೆಕೆಂಡಿನಲ್ಲಿ, ಯಾಕೆ ನಿಂತಿತು ಎಂದು ಬರೆದಿಟ್ಟುಕೊಳ್ಳುವುದು ನೆಟ್ಟಗೆ ಕಟ್ಟಿದ ಯಾವುದೇ ಸಾಫ್ಟ್‌ವೇರಿನ ಮಾಮೂಲು ಅಭ್ಯಾಸ. ಅದಕ್ಕೆ ಲಾಗ್ ಎನ್ನುತ್ತಾರೆ. ಆ ಒಂದು ಸಾಲನ್ನು ಪ್ರಿಂಟರಿಗೂ ಕಳಿಸಿದರಾಯಿತು.